ಕೂಸಿಲ್ಲದ ಬಾಣಂತಿಯ ರಜೆ

ಮನೆಯಲ್ಲಿ ಹಿರಿಯರೊಬ್ಬರು ಹೇಳುತ್ತಾರೆ: ‘ಕೂಸೇ ಇಲ್ಲಂದ್ರ ಇನ್ನೇನ್ ಬಾಣಂತನವ್ವಾ?’ ಆಫೀಸಿನ ಎಚ್‌ಆರ್ ಫೋನು ಮಾಡಿ ಇದನ್ನೇ ಸುತ್ತುಬಳಸಿ ಕೇಳುತ್ತಾರೆ: ‘ನಿಮ್ಮ ಪರಿಸ್ಥಿತಿ ಅರ್ಥ ಆಗ್ತದೆ ಮೇಡಂ, ಆದರೆ ಈಗ ರಜೆ ಕಂಟಿನ್ಯೂ ಮಾಡೋ ಅಗತ್ಯ ಇದೆಯಾ?’ ಮಾತಿನ ಧಾಟಿ ಬೇರೆ, ಒಳಗಿನ ತಿಳಿವಳಿಕೆ ಒಂದೇ. ಬಾಣಂತನವಾಗಲಿ ರಜೆಯಾಗಲಿ ಕೂಸಿಗಾಗಿ ಕೊಟ್ಟದ್ದು, ಕೂಸು ಹೋದಮೇಲೆ ಅದೂ ಮುಗಿಯಿತು ಎಂಬುದು.

ಕಾನೂನು ಹಾಗೆ ಹೇಳುವುದಿಲ್ಲ.

ಹೈದರಾಬಾದಿನ ಬೇಗಂಪೇಟೆಯ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಬೀದರ ಜಿಲ್ಲೆಯ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. 1956ರವರೆಗೆ ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. ರಾಜ್ಯ ಬದಲಾದರೂ ದುಡಿಮೆಯ ದಾರಿ ಬದಲಾಗಲಿಲ್ಲ. ಆ ಕಡೆಯಿಂದ ಬರುವ ರೈಲುಹಳಿಯ ಮೇಲೆ, ಸಿಕಂದರಾಬಾದಿಗೆ ಸ್ವಲ್ಪ ಮೊದಲು ಸಿಗುವ ಸ್ಟೇಷನ್ನೇ ಬೇಗಂಪೇಟೆ. ಇವಳಿಗೆ ದಿನ ತುಂಬಿ ಹೆರಿಗೆಯಾಗಿದೆ. ಕೂಸು ಮೂರನೇ ದಿನ ಐಸಿಯುನಲ್ಲಿ ತೀರಿಕೊಂಡಿದೆ. ಅದೇ ದಿನ ಇವಳ ಎದೆ ಬಿಗಿದು ಹಾಲಿಳಿದಿದೆ. ಕುಪ್ಪಸ ನೆನೆದಾಗಲೆಲ್ಲ ಎದ್ದು ಬಚ್ಚಲಿಗೆ ಹೋಗುತ್ತಾಳೆ. ಹೊಲಿಗೆ ಇನ್ನೂ ಮಾಗಿಲ್ಲ. ಹಾಸಿಗೆಯ ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಆಫೀಸಿನ ಮೇಲ್‌ಗಳು ಬೀಳುತ್ತಲೇ ಇವೆ.

1961ರ ಹೆರಿಗೆ ಸೌಲಭ್ಯ ಕಾಯ್ದೆ ಈ ಹೆಣ್ಣುಮಗಳ ದೇಹವನ್ನು ನೋಡಿ ಬರೆದದ್ದು. ‘ಮಗು’ ಎಂದರೆ ಸತ್ತು ಹುಟ್ಟಿದ ಮಗುವೂ ಸೇರಿದೆ ಎಂದು ಅದರ 3ನೇ ಕಲಮಿನಲ್ಲೇ ಇತ್ತು. 2017ರ ತಿದ್ದುಪಡಿಯಿಂದ ರಜೆ 26 ವಾರವಾಯಿತು, ಅದೂ ಪೂರ್ತಿ ಸರಾಸರಿ ಸಂಬಳದ ಸಮೇತ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು ಎಂಬುದೊಂದೇ ಮುಖ್ಯ ಷರತ್ತು. ಮಗು ತೀರಿಕೊಂಡರೆ ಸೌಲಭ್ಯ ಅಂದಿಗೆ ನಿಲ್ಲುತ್ತದೆ ಎಂಬ ಮಾತು ಕಾಯ್ದೆಯಲ್ಲಿ ಒಂದೇ ಕಡೆ ಇತ್ತು: ತಾಯಿ ತೀರಿಕೊಂಡು, ಆಮೇಲೆ ಮಗುವೂ ತೀರಿಕೊಂಡಾಗ. ತಾಯಿ ಬದುಕಿದ್ದರೆ ಒಂದು ದಿನವನ್ನೂ ಕಡಿಯುವ ಅಧಿಕಾರ ಕಂಪನಿಗಿಲ್ಲ. ಎಚ್‌ಆರ್‌ಗೆ ಉತ್ತರ ಬರೆಯುವಾಗ ಕಣ್ಣೀರಿನ ವಿವರಣೆ ಬೇಡ. ಈ ಒಂದು ಅಂಶ ಸಾಕು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗದಲ್ಲಿ ಕೂತಿದೆ. ‘ಆ ಕಾಯ್ದೆಯೇ ಈಗ ಇಲ್ಲವಲ್ಲ’ ಎಂದು ಯಾರಾದರೂ ಜಾಣತನ ತೋರಿದರೆ ಹೆದರಬೇಡಿ. 26 ವಾರ, 80 ದಿನ, ಗರ್ಭಪಾತಕ್ಕೆ 6 ವಾರ, ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯಬಾರದೆಂಬ ನಿಯಮ, ಎಲ್ಲವೂ ಸಂಹಿತೆಯ ಹೆರಿಗೆ ಅಧ್ಯಾಯದಲ್ಲಿ ಮುಂದುವರಿದಿವೆ.

ಇಲ್ಲಿ ವಾರದ ಲೆಕ್ಕ ಬರುತ್ತದೆ. ಬಸುರಿನ 26ನೇ ವಾರ ಮುಗಿಯುವುದರೊಳಗೆ ಕಳೆದುಕೊಂಡರೆ ಕಾನೂನು ಅದನ್ನು ಗರ್ಭಪಾತ ಎನ್ನುತ್ತದೆ. ಮರುದಿನದಿಂದ 6 ವಾರ ಸಂಬಳದ ರಜೆ. ಆ ಗಡಿ ದಾಟಿದಮೇಲೆ ಮಗು ಉಸಿರಾಡಲಿ ಬಿಡಲಿ, ಅದು ಹೆರಿಗೆಯೇ. ರಜೆ 26 ವಾರ. ಬಸುರು, ಹೆರಿಗೆ, ಗರ್ಭಪಾತ, ಅವಧಿಗೆ ಮುನ್ನಿನ ಹೆರಿಗೆಯಿಂದ ಕಾಯಿಲೆ ಬಂದರೆ ವೈದ್ಯರ ಪತ್ರದ ಮೇಲೆ ಇನ್ನೂ 1 ತಿಂಗಳವರೆಗೆ ಕೇಳಬಹುದು. ಕಾಯಿಲೆ ಮೈಯದ್ದೇ ಆಗಿರಬೇಕು ಎಂದು ಕಾನೂನಿನಲ್ಲಿ ಬರೆದಿಲ್ಲ. ಹೆರಿಗೆಯ ನಂತರದ ಖಿನ್ನತೆಗೆ ಮನೋವೈದ್ಯರು ಕೊಟ್ಟ ಪತ್ರವನ್ನು ಧೈರ್ಯವಾಗಿ ಲಗತ್ತಿಸಿ.

ಈ ಅಂಕಿಗಳೆಲ್ಲ ನಿಂತಿರುವುದು ಡಿಸ್ಚಾರ್ಜ್ ಸಮರಿ ಎಂಬ ಎರಡು ಪುಟದ ಮೇಲೆ. ಆಸ್ಪತ್ರೆಯಿಂದ ಹೊರಡುವ ಗಡಿಬಿಡಿಯಲ್ಲಿ ಯಾರೂ ಅದನ್ನು ಓದುವುದಿಲ್ಲ. ಬಸುರು ಎಷ್ಟು ವಾರದ್ದು, ಹುಟ್ಟುವಾಗ ಜೀವ ಇತ್ತೋ ಇಲ್ಲವೋ, ದಿನಾಂಕ, ಗಂಟೆ ಇವಿಷ್ಟು ಸರಿಯಾಗಿವೆಯೇ ಎಂದು ಮನೆಯ ಒಬ್ಬರಾದರೂ ಅಲ್ಲೇ ನಿಂತು ನೋಡಬೇಕು. ಏಕೆಂದರೆ ಒಂದು ಕಾನೂನಿನ ಗಡಿ ಇನ್ನೊಂದರ ಗಡಿಗೆ ಹೊಂದುವುದಿಲ್ಲ. ಹೆರಿಗೆ ರಜೆಗೆ ಗಡಿ 26 ವಾರ. ಜನನ-ಮರಣ ನೋಂದಣಿಯಲ್ಲಿ ನಿರ್ಜೀವ ಜನನ ಎನ್ನಿಸಿಕೊಳ್ಳಲು 28 ವಾರ ತುಂಬಿರಬೇಕು. 27ನೇ ವಾರದಲ್ಲಿ ಜೀವವಿಲ್ಲದೆ ಹುಟ್ಟಿದ ಮಗುವಿಗೆ ನೋಂದಣಿ ಕಚೇರಿಯಿಂದ ಯಾವ ಪತ್ರವೂ ಬರುವುದಿಲ್ಲ, ತಾಯಿಗೆ ಮಾತ್ರ ಪೂರ್ತಿ ರಜೆ ಇದೆ. ‘ಸರ್ಟಿಫಿಕೇಟ್ ತನ್ನಿ’ ಎಂದು ಎಚ್‌ಆರ್ ಪಟ್ಟು ಹಿಡಿದಾಗ ತೋರಿಸಲು ಇರುವುದು ಆ ಎರಡು ಪುಟ ಅಷ್ಟೇ.

ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಹಣ ಬರಬೇಕಾದದ್ದು ಕಂಪನಿಯಿಂದಲ್ಲ, ಇಎಸ್‌ಐ ನಿಗಮದಿಂದ. ಅಲ್ಲಿಯೂ ಲೆಕ್ಕ ಹೀಗೇ: 26 ವಾರದ ನಂತರದ ಹೆರಿಗೆಯಲ್ಲಿ ಮಗು ಸಜೀವವೋ ನಿರ್ಜೀವವೋ ಎಂದು ಕೇಳುವುದಿಲ್ಲ. ಬೇಗಂಪೇಟೆಯವರಿಗೆ ಸನತ್‌ನಗರದ ಇಎಸ್‌ಐ ಆಸ್ಪತ್ರೆ ದೂರವೇನಲ್ಲ.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ 2022ರ ಸೆಪ್ಟೆಂಬರ್ 2ರ ಆದೇಶವಿದೆ. 28 ವಾರದ ನಂತರ ನಿರ್ಜೀವ ಜನನವಾದರೆ, ಇಲ್ಲವೇ ಹುಟ್ಟಿದ 28 ದಿನದೊಳಗೆ ಮಗು ತೀರಿಕೊಂಡರೆ, ಆ ದಿನದಿಂದ 60 ದಿನ ವಿಶೇಷ ಹೆರಿಗೆ ರಜೆ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕು, ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೋ ಸಿಜಿಎಚ್‌ಎಸ್ (ಕೇಂದ್ರ ನೌಕರರ ಆರೋಗ್ಯ ಯೋಜನೆ) ಪಟ್ಟಿಯ ಆಸ್ಪತ್ರೆಯಲ್ಲೋ ಆಗಿರಬೇಕು. ಬೇರೆಡೆ ತುರ್ತಾಗಿ ಆಗಿದ್ದರೆ ತುರ್ತಿನ ಪ್ರಮಾಣಪತ್ರ ಬೇಕು. ಅಷ್ಟರವರೆಗೆ ತೆಗೆದುಕೊಂಡಿದ್ದ ಹೆರಿಗೆ ರಜೆಯನ್ನು ವೈದ್ಯಕೀಯ ಪತ್ರ ಕೇಳದೆಯೇ ಬೇರೆ ರಜೆಯಾಗಿ ಬದಲಿಸುತ್ತಾರೆ. ಖಾಸಗಿ ಕಂಪನಿಯ ಗುಮಾಸ್ತೆಗೆ 26 ವಾರ, ಕೇಂದ್ರ ಸರ್ಕಾರದ ನೌಕರಳಿಗೆ 60 ದಿನ. ಇದಕ್ಕೆ ಸಮರ್ಥನೆ ನನಗಂತೂ ಹೊಳೆಯುವುದಿಲ್ಲ.

‘ಬದುಕಿರುವ’ ಎಂಬ ಮಾತನ್ನು ಗಮನಿಸಿ. ಖಾಸಗಿ ನೌಕರಿಯಲ್ಲೂ 26 ವಾರ 12ಕ್ಕೆ ಇಳಿಯುವುದು ಈಗಾಗಲೇ ಇಬ್ಬರು ಮಕ್ಕಳು ಬದುಕಿದ್ದರೆ ಮಾತ್ರ. ಮುಂದಿನ ಹೆರಿಗೆಯ ಹೊತ್ತಿಗೆ ತೀರಿಕೊಂಡ ಕೂಸನ್ನು ಎಣಿಕೆಗೆ ಹಿಡಿಯುವಂತಿಲ್ಲ.

ಇನ್ನು ಆ ಮೊಬೈಲು. ಹೆರಿಗೆಯೋ ಗರ್ಭಪಾತವೋ ಆದ ನಂತರದ 6 ವಾರ ಹೆಣ್ಣನ್ನು ದುಡಿಸುವಂತಿಲ್ಲ, ಅವಳೂ ದುಡಿಯುವಂತಿಲ್ಲ. ಅವಳ ಒಪ್ಪಿಗೆಯಿದ್ದರೂ ಅಷ್ಟೇ. ‘ಮನೆಯಿಂದಲೇ ಒಂದು ಶೀಟ್ ಕಳಿಸಿಬಿಡಿ’ ಎಂಬುದೂ ದುಡಿಸುವುದೇ. ರಜೆಯಲ್ಲಿದ್ದು ಕೆಲಸ ಮಾಡಿದವಳು ಆ ಅವಧಿಯ ಸೌಲಭ್ಯ ಕಳೆದುಕೊಳ್ಳುತ್ತಾಳೆ ಎಂದು 1961ರ ಕಾಯ್ದೆಯಲ್ಲೇ ಇತ್ತು. ಆದ್ದರಿಂದ ಕಂಪನಿಗೆ ಒಳ್ಳೆಯವಳಾಗಲು ಹೋಗಿ ಮೇಲ್‌ಗಳಿಗೆ ಉತ್ತರ ಬರೆದರೆ ಆ ಮೇಲ್‌ಗಳೇ ನಾಳೆ ಅವಳ ವಿರುದ್ಧ ಬಂದಾವು. ರಾಜೀನಾಮೆ ಕೂಡ ಹಾಗೆಯೇ. ತವರಿನವರು ‘ಬಿಟ್ಟು ಬಾ’ ಅಂದರೆಂದು, ಮ್ಯಾನೇಜರ್ ‘ಸ್ವಲ್ಪ ಬ್ರೇಕ್ ತಗೊಳ್ಳಿ’ ಅಂದರೆಂದು ಈ ದಿನಗಳಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ರಜೆಯ ಅರ್ಜಿಯನ್ನು ಮೇಲ್‌ನಲ್ಲೇ ಕಳಿಸಿ. ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಕೆಲಸದಿಂದ ತೆಗೆದರೆ, ಆದೇಶ ಕೈಸೇರಿದ 60 ದಿನದೊಳಗೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಮೇಲ್ಮನವಿ ಹಾಕಬೇಕು. ಇಲಾಖೆಯ ಕಚೇರಿ ಆರ್‌ಟಿಸಿ ಕ್ರಾಸ್ ರೋಡ್ಸ್‌ನ ಅಂಜಯ್ಯ ಕಾರ್ಮಿಕ ಭವನದಲ್ಲಿದೆ. ಗುತ್ತಿಗೆ, ದಿನಗೂಲಿಯವರು ‘ನಮಗೆಲ್ಲಿ’ ಎಂದು ಕೂರಬೇಕಿಲ್ಲ. ದೆಹಲಿ ಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಗಂಡನ ವಿಚಾರದಲ್ಲಿ ಹೇಳಲು ಹೆಚ್ಚಿಲ್ಲ. ಕೇಂದ್ರ ನೌಕರನಾದರೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯಲ್ಲಿ ಕಂಪನಿಯ ಮರ್ಜಿ. ಅಂಗೈಯಗಲದ ಗುಂಡಿಗೆ ಮಣ್ಣು ಹಾಕಿ ಬಂದವನು ಮೂರನೇ ದಿನ ಬೈಕು ಹತ್ತಿ ಡ್ಯೂಟಿಗೆ ಹೋಗುತ್ತಾನೆ. ಮನೆಯೊಳಗಿನ ಜಗಳಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ. ಅವನಿಗೆ ದುಃಖವೇ ಇಲ್ಲ ಎಂದು ಅವಳಿಗೆ ಅನ್ನಿಸುತ್ತದೆ, ಅಳಲು ತನಗೆ ಪುರಸೊತ್ತೇ ಇಲ್ಲ ಎಂದು ಅವನಿಗೆ.

ಅಂಥ ಜಗಳಕ್ಕೆ ಕೋರ್ಟು ಬೇಡ. ಆದರೆ ಮಾತು ಬೇರೆ ದಿಕ್ಕಿಗೆ ತಿರುಗುವುದುಂಟು. ಇವಳ ಕಾಲ್ಗುಣ ಸರಿಯಿಲ್ಲ, ಬಸುರಿನಲ್ಲೂ ಆಫೀಸಿಗೆ ಕುಣಿದಳು, ನುಂಗಿಕೊಂಡಳು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬರೆದವರು ನಮ್ಮ ಮನೆಗಳ ಹಜಾರದಲ್ಲಿ ಕೂತು ಕೇಳಿಸಿಕೊಂಡಂತಿದೆ. ಮಾತಿನ ಮತ್ತು ಮನಸ್ಸಿನ ಹಿಂಸೆ ಎಂದರೇನು ಎಂದು ವಿವರಿಸುವಾಗ, ಮಗುವಿಲ್ಲದ್ದಕ್ಕೆ ಅಥವಾ ಗಂಡು ಮಗುವಿಲ್ಲದ್ದಕ್ಕೆ ಹಂಗಿಸುವುದನ್ನು 3ನೇ ಕಲಂ ಹೆಸರಿಟ್ಟೇ ಹೇಳುತ್ತದೆ. ಹಿಂಸೆ ನಿಲ್ಲಿಸುವ ಆದೇಶ, ಮನೆಯಿಂದ ಹೊರಹಾಕಬಾರದೆಂಬ ಆದೇಶ ಎರಡನ್ನೂ ಮ್ಯಾಜಿಸ್ಟ್ರೇಟರು ಕೊಡಬಹುದು. ಗಂಡನ ಹೆಸರಿನಲ್ಲಿ ಮನೆ ಇರಲಿ ಬಿಡಲಿ, ಸಂಸಾರ ನಡೆಸಿದ ಮನೆಯಲ್ಲಿ ಇರುವ ಹಕ್ಕು ಅವಳದು.

ಗಡಿಯಾಚೆ ಈಚೆ ಇರುವ ಸಂಸಾರಗಳಿಗೆ ಇದರಲ್ಲಿ ಒಂದು ಅನುಕೂಲವಿದೆ. ಅರ್ಜಿಯನ್ನು ಹೈದರಾಬಾದಿನಲ್ಲೇ ಹಾಕಬೇಕೆಂದಿಲ್ಲ. ಹೆಂಗಸು ತಾತ್ಕಾಲಿಕವಾಗಿ ಎಲ್ಲಿದ್ದಾಳೋ ಅಲ್ಲಿನ ಕೋರ್ಟಿಗೂ ಅಧಿಕಾರವಿದೆ, ಅಂದರೆ ಬೀದರಿನ ತವರಿನಿಂದಲೂ ಸಲ್ಲಿಸಬಹುದು. ಗಂಡನ ಮನೆಯ ಕ್ರೌರ್ಯದ ಪೊಲೀಸ್ ದೂರನ್ನು, ಅಂದರೆ ಹಳೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮನ್ನು, ತವರಿನಲ್ಲೂ ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಮಗನಿಗೆ ಬೇರೆ ಹೆಣ್ಣು ತರ್ತೀವಿ’ ಎಂಬ ಬೆದರಿಕೆಗೆ ಕಾನೂನಿನ ಉತ್ತರ ಚಿಕ್ಕದು: ಮಕ್ಕಳಿಲ್ಲದಿರುವುದು ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವೇ ಅಲ್ಲ, ಹೆಂಡತಿ ಇರುವಾಗ ಇನ್ನೊಂದು ಮದುವೆಯಾದರೆ 7 ವರ್ಷದವರೆಗೆ ಜೈಲು. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ; ಸಂಖ್ಯೆ 15100. ತುರ್ತಿಗೆ ಮಹಿಳಾ ಸಹಾಯವಾಣಿ 181.

ಕೇಸು, ಅರ್ಜಿ ಯಾವುದೂ ಬೇಡ, ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ 14416. ಟೆಲಿ ಮಾನಸ್ ಹೆಸರಿನ ಈ ಉಚಿತ ಸೇವೆ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಭಾಷೆ ಆರಿಸಿಕೊಂಡು ಕನ್ನಡದಲ್ಲೇ ಮಾತಾಡಬಹುದು. ತೆಲುಗು, ಉರ್ದು ಎಷ್ಟೇ ಬರಲಿ, ಇಂಥ ಮಾತು ಹೊರಬರುವುದು ಮನೆಯ ಭಾಷೆಯಲ್ಲಿ. ಕಂಡು ಮಾತಾಡುವ ವೈದ್ಯರು ಬೇಕಾದರೆ ಎರ್ರಗಡ್ಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿನ ದಾಖಲೆಯನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು.

ಆಸ್ಪತ್ರೆಯ ಬಗ್ಗೆಯೇ ಅನುಮಾನವಿದ್ದರೆ ಮಣ್ಣು ಮಾಡುವ ಮೊದಲು ಯೋಚಿಸಬೇಕು. ಮರಣೋತ್ತರ ಪರೀಕ್ಷೆ ಇಲ್ಲದೆ ಮುಂದೆ ಕಾರಣ ಸಾಬೀತುಪಡಿಸುವುದು ತೀರ ಕಷ್ಟ. ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯವಿದೆ, ಅವಸರವಿಲ್ಲ. ಬಿಲ್ಲು ಬಾಕಿಯಿದೆ ಎಂದು ಕೂಸಿನ ದೇಹ ತಡೆಹಿಡಿಯುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿಗೆ ವಿರುದ್ಧ. ‘ನಾವೇ ವಿಲೇವಾರಿ ಮಾಡ್ತೀವಿ’ ಎಂದು ಆಸ್ಪತ್ರೆಯವರು ಹೇಳಿದಾಗ, ಬದುಕುಳಿಯಬಲ್ಲ ಅವಧಿ ತಲುಪದ ಭ್ರೂಣಕ್ಕೆ ಮಾತ್ರ ಜೈವಿಕ ತ್ಯಾಜ್ಯ ನಿಯಮ ಅನ್ವಯಿಸುತ್ತದೆ ಎಂಬುದು ಗೊತ್ತಿರಲಿ. ಆ ಅವಧಿ ದಾಟಿದ ಕೂಸನ್ನು ಕೈಗೆ ಕೊಡಿ ಎಂದು ಕೇಳಬಹುದು. ಮುಖ ನೋಡಬೇಕು ಎಂದು ತಾಯಿ ಕೇಳಿದರೆ ತೋರಿಸಬಾರದೆಂಬ ಕಾನೂನು ಎಲ್ಲಿಯೂ ಇಲ್ಲ.

ಕೊನೆಯದು ನೋಂದಣಿ. ಒಂದು ಗಳಿಗೆ ಉಸಿರಾಡಿದ ಕೂಸಿಗೂ ಎರಡು ನೋಂದಣಿ ಆಗಬೇಕು, ಮೊದಲು ಜನನ, ಆಮೇಲೆ ಮರಣ. ನಿರ್ಜೀವ ಜನನಕ್ಕೆ ಬೇರೆಯೇ ನಮೂನೆ ಇದೆ. ಹೆರಿಗೆ ಆಸ್ಪತ್ರೆಯಲ್ಲಾದರೆ ವರದಿ ಮಾಡುವುದು ಆಸ್ಪತ್ರೆಯ ಕರ್ತವ್ಯ, 21 ದಿನದೊಳಗೆ. ಘಟನೆ ನಡೆದ ಊರಿನಲ್ಲೇ ನೋಂದಣಿ. ಬೇಗಂಪೇಟೆಯಲ್ಲಿ ಹುಟ್ಟಿ ಹೋದ ಕೂಸಿನ ಪತ್ರ ಬೀದರಿನ ನೋಂದಣಿ ಕಚೇರಿಯಲ್ಲಿ ಸಿಗುವುದಿಲ್ಲ. 30 ದಿನದವರೆಗೆ ತಡ ಶುಲ್ಕ ಸಾಕು, ಅದರಾಚೆ ಅಧಿಕಾರಿಗಳ ಅನುಮತಿ ಹುಡುಕಿಕೊಂಡು ಓಡಾಡಬೇಕಾಗುತ್ತದೆ. ಬಾಣಂತಿಯನ್ನು ಊರಿಗೆ ಕರೆದೊಯ್ಯುವ ಮೊದಲೇ ಯಾರಾದರೂ ಒಬ್ಬರು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಆಯಿತು.

ಆಸ್ಪತ್ರೆಯವರು ತುಂಬಿದ ಜನನದ ಫಾರಮಿನಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಕೂಸಿನ ಮುಂಗೈಗೆ ಕಟ್ಟಿದ್ದ ಪಟ್ಟಿಯ ಮೇಲೂ ‘ಬೇಬಿ ಆಫ್’ ಎಂದು ಬರೆದು ತಾಯಿಯ ಹೆಸರನ್ನಷ್ಟೇ ಸೇರಿಸಿರುತ್ತಾರೆ. ಖಾಲಿ ಬಿಟ್ಟರೂ ನೋಂದಣಿ ಆಗುತ್ತದೆ. ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಂಡಿದ್ದರೆ, ವರದಿ ಹೋಗುವ ಮೊದಲೇ ಅದನ್ನು ಅಲ್ಲಿ ಬರೆಸಬಹುದು. ಆಮೇಲೆ ಜನನದ ದಾಖಲೆಗೆ ಹೆಸರು ಸೇರಿಸಲು 12 ತಿಂಗಳು ಶುಲ್ಕವಿಲ್ಲ.