ಅದೃಶ್ಯ ಕಿರಣಗಳನ್ನು ಬೆಳಕಿನಿಂದ ಅರಿಯುವ ಬಗೆ

ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಮೈಯನ್ನು ಹೊಕ್ಕು ಹೋದರೂ ತಿಳಿಯದ ವಸ್ತುವನ್ನು ಅರಿಯುವದು ಹೇಗೆ? ವಿಜ್ಞಾನವನ್ನು ಅಭ್ಯಾಸ ಮಾಡುವ ಹುಡುಗಿಯರು ಉಪಾಧ್ಯಾಯಿನಿಯರನ್ನು ಕೇಳುವ ಪ್ರಶ್ನೆಗಳಲ್ಲಿ ಇದು ಮುಖ್ಯವಾದದ್ದು. ನ್ಯೂಟ್ರಾನು, ಗಾಮಾ ಕಿರಣ ಎಂಬ ಹೆಸರುಗಳು ಪಾಠದಲ್ಲಿ ಬರುತ್ತವೆ. ಆದರೆ ಅವುಗಳನ್ನು ಹಿಡಿದು ಬೇರ್ಪಡಿಸುವ ಬಗೆಯನ್ನು ವಿವರಿಸುವದಕ್ಕೆ ತರಗತಿಯ ವೇಳೆ ಸಾಲದು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಮನೆಯಲ್ಲಿ ಓದಿ, ಮಕ್ಕಳೊಂದಿಗೆ ಚರ್ಚಿಸಲು ಅನುಕೂಲವಾಗಲೆಂದು ಈ ಪಾಠವನ್ನು ಬರೆದಿದ್ದೇನೆ.

1. ಎರಡು ಕಿರಣಗಳು

ಗಾಮಾ ಕಿರಣವು ಬೆಳಕಿನ ಜಾತಿಗೆ ಸೇರಿದ್ದು, ಅದಕ್ಕೆ ತೂಕವಿಲ್ಲ. ನ್ಯೂಟ್ರಾನಾದರೋ ಪರಮಾಣುವಿನ ಬೀಜದೊಳಗಿರುವ ಕಣ. ಇಲೆಕ್ಟ್ರಾನಿನ ಸುಮಾರು 1,839 ಪಾಲು ಭಾರವುಳ್ಳದ್ದು. ಗುಣದಲ್ಲಿ ಇಷ್ಟು ಭೇದವಿದ್ದರೂ ಒಂದು ವಿಷಯದಲ್ಲಿ ಇವು ಸಮಾನವಾಗಿವೆ. ಅದೇನೆಂದರೆ, ಎರಡಕ್ಕೂ ವಿದ್ಯುದಂಶವಿಲ್ಲ. ವಿದ್ಯುದಂಶವುಳ್ಳ ಕಣವು ತಾನು ನಡೆದ ದಾರಿಯಲ್ಲೆಲ್ಲಾ ಗುರುತನ್ನು ಬಿಡುವದು. ಇವು ಗುರುತಿಲ್ಲದೆ ನುಸುಳಿ ಹೋಗುವವು. ಇದಲ್ಲದೆ, ನ್ಯೂಟ್ರಾನುಗಳಿರುವ ಸ್ಥಳದಲ್ಲಿ ಸಾಮಾನ್ಯವಾಗಿ ಗಾಮಾ ಕಿರಣಗಳೂ ಕೂಡಿಕೊಂಡಿರುತ್ತವೆ.

ಇವುಗಳನ್ನು ಬೇರೆಬೇರೆಯಾಗಿ ಅರಿಯುವ ಅಗತ್ಯವೇನು? ಗಾಮಾ ಕಿರಣವನ್ನು ತಡೆಯಲು ಸೀಸದ ಗೋಡೆಯನ್ನು ಕಟ್ಟುತ್ತಾರೆ. ವೇಗವುಳ್ಳ ನ್ಯೂಟ್ರಾನಿಗೆ ಸೀಸವು ಹೆಚ್ಚಿನ ಅಡ್ಡಿಯಲ್ಲ. ನೀರು, ಮೇಣ ಮೊದಲಾದ ಹೈಡ್ರೋಜನು ತುಂಬಿದ ವಸ್ತುಗಳೇ ಅದನ್ನು ನಿಧಾನಿಸುವವು. ದೇಹಕ್ಕೆ ಆಗುವ ಹಾನಿಯನ್ನು ಲೆಕ್ಕಿಸುವಾಗ ಗಾಮಾ ಕಿರಣಕ್ಕೆ 1 ಎಂಬ ಅಂಕವನ್ನು ಇಟ್ಟರೆ, ನ್ಯೂಟ್ರಾನಿಗೆ ಅದರ ಶಕ್ತಿಗನುಸಾರವಾಗಿ ಸುಮಾರು 2½ರಿಂದ 20ರ ತನಕ ಇಡುತ್ತಾರೆ. ಕ್ಯಾನ್ಸರ್ ಚಿಕಿತ್ಸೆಯ ಕೆಲವು ದೊಡ್ಡ ಯಂತ್ರಗಳು ಉನ್ನತ ಶಕ್ತಿಯಲ್ಲಿ ನಡೆಯುವಾಗ ಅವುಗಳಿಂದ ಸ್ವಲ್ಪ ನ್ಯೂಟ್ರಾನುಗಳೂ ಹುಟ್ಟುತ್ತವೆ. ಅಂಥ ಕೋಣೆಗಳ ಬಾಗಿಲಿಗೆ ಸೀಸದೊಂದಿಗೆ ಬೋರಾನು ಬೆರಸಿದ ಪ್ಲಾಸ್ಟಿಕನ್ನೂ ಹೊದಿಸುವದುಂಟು. ಒಂದನ್ನು ಇನ್ನೊಂದೆಂದು ಬಗೆದು ಗೋಡೆ ಕಟ್ಟಿದರೆ, ಅದರ ಹಿಂದೆ ನಿಂತು ಕೆಲಸ ಮಾಡುವವರ ಪ್ರಾಣಕ್ಕೇ ಅಪಾಯ. ಅವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇರಬಹುದಲ್ಲವೇ?

2. ದೊಡ್ಡವರಿಗೂ ತಿಳಿಯದ ಭೇದ

ಈ ಭೇದವು ಆರಂಭದಲ್ಲಿ ಪಂಡಿತರಿಗೂ ತಿಳಿಯಲಿಲ್ಲ. 1932ರ ಜನವರಿಯಲ್ಲಿ ಪ್ಯಾರಿಸಿನ ಇರೇನ್ ಜೋಲಿಯೊ-ಕ್ಯೂರಿ ಅಮ್ಮನವರೂ ಅವರ ಪತಿ ಫ್ರೆಡರಿಕ್ ಅವರೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆರಿಲಿಯಂ ಎಂಬ ಲೋಹದಿಂದ ಹೊರಟ ಕಿರಣಗಳು ಮೇಣಕ್ಕೆ ತಗಲಿದಾಗ ಅದರಿಂದ ಪ್ರೋಟಾನುಗಳು ಮಹಾವೇಗದಿಂದ ಸಿಡಿದವು. ಅವು ಗಾಮಾ ಕಿರಣಗಳೇ ಎಂದು ಆ ದಂಪತಿಗಳು ಎಣಿಸಿದರು. ಹಾಗಾದರೆ ಆ ಕಿರಣಕ್ಕೆ ಸುಮಾರು 5 ಕೋಟಿ ಇಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕಾಗಿತ್ತು. ಅಷ್ಟು ಶಕ್ತಿ ಬರುವ ದಾರಿಯೇ ಇರಲಿಲ್ಲ. ಕೇಂಬ್ರಿಜ್ಜಿನಲ್ಲಿ ಜೇಮ್ಸ್ ಚಾಡ್ವಿಕ್ ಅವರು ಮೇಣವನ್ನಲ್ಲದೆ ನೈಟ್ರೋಜನು ಮುಂತಾದವುಗಳನ್ನೂ ಪರೀಕ್ಷಿಸಿ, ಪ್ರೋಟಾನಿನಷ್ಟೇ ಭಾರವಿದ್ದು ವಿದ್ಯುದಂಶವಿಲ್ಲದ ಕಣವೊಂದನ್ನು ಒಪ್ಪಿದರೆ ಎಲ್ಲಾ ಲೆಕ್ಕವೂ ಸರಿಹೋಗುವದೆಂದು ಅದೇ ವರ್ಷ ತೋರಿಸಿದರು. ನ್ಯೂಟ್ರಾನು ತಿಳಿದುಬಂದದ್ದು ಹೀಗೆ.

ಇರೇನ್ ಅಮ್ಮನವರು ಇದರಿಂದ ಎದೆಗುಂದಲಿಲ್ಲ. ಎರಡೇ ವರ್ಷಗಳಲ್ಲಿ ಪತಿಯೊಡನೆ ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದು, 1935ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಪರೀಕ್ಷೆಯಲ್ಲಿ ಒಂದು ಸಾರಿ ಹಿಂದೆ ಬಿದ್ದು ಕಣ್ಣೀರಿಡುವ ಬಾಲಿಕೆಯರಿಗೆ ಈ ಸಂಗತಿಯನ್ನು ತಾಯಂದಿರು ಹೇಳತಕ್ಕದ್ದು.

3. ಡಾಂಬರು ಗುಳಿಗೆಯ ಬೆಳಕು

ಕಣಗಳು ತಗಲಿದಾಗ ಕೆಲವು ವಸ್ತುಗಳು ಮಿನುಗುತ್ತವೆಂಬದು ಮೊದಲೇ ತಿಳಿದಿತ್ತು. ರದರ್‌ಫರ್ಡ್ ಅವರ ಸಹಾಯಕರು ಕತ್ತಲೆ ಕೋಣೆಯಲ್ಲಿ ಕುಳಿತು, ಸತುವಿನ ಸಲ್ಫೈಡ್ ಬಳಿದ ಹಲಗೆಯ ಮೇಲೆ ಮೂಡುವ ಮಿಣುಕುಗಳನ್ನು ಸೂಕ್ಷ್ಮದರ್ಶಕದಿಂದ ಒಂದೊಂದಾಗಿ ಎಣಿಸುತ್ತಿದ್ದರು. ಕಣ್ಣು ಬೇಗ ದಣಿಯುವದು; ಬಹು ಮಸುಕಾದ ಮಿಣುಕು ಕಾಣಿಸದು.

1947ರಲ್ಲಿ ಬರ್ಲಿನ್ನಿನ ಹಾರ್ಟ್‌ಮುಟ್ ಕಾಲ್‌ಮನ್ ಅವರು ಕಣ್ಣಿನ ಕೆಲಸವನ್ನು ದ್ಯುತಿವರ್ಧಕ ನಳಿಗೆಗೆ ಒಪ್ಪಿಸಿ, ಮಿನುಗುವ ವಸ್ತುವಾಗಿ ನ್ಯಾಫ್ತಲೀನನ್ನು ಉಪಯೋಗಿಸಿದರು. ಇವರು ಯೆಹೂದ್ಯ ವಂಶದವರೆಂಬ ಕಾರಣದಿಂದ 1933ರಲ್ಲಿ ಉದ್ಯೋಗವನ್ನು ಕಳೆದುಕೊಂಡಿದ್ದವರು. ನ್ಯಾಫ್ತಲೀನೆಂದರೆ ನಾವು ರೇಷ್ಮೆ ಸೀರೆಗಳ ನಡುವೆ ಇಡುವ ಡಾಂಬರು ಗುಳಿಗೆಯ ವಸ್ತುವೇ. ಅದರ ಹರಳು ತಾನು ಸೂಸುವ ಬೆಳಕನ್ನು ತಾನೇ ನುಂಗುವದಿಲ್ಲ. ಆದ್ದರಿಂದ ದಪ್ಪವಾದ ಹರಳಿನ ಒಳಗೆ ಹುಟ್ಟಿದ ಬೆಳಕೂ ಹೊರಗೆ ಬರುವದು. ಆಮೇಲೆ ಆಂತ್ರಸೀನು, ಸ್ಟಿಲ್ಬೀನು ಎಂಬ ಹರಳುಗಳೂ, ಕೆಲವು ದ್ರವಗಳೂ, ಪ್ಲಾಸ್ಟಿಕ್ಕುಗಳೂ ಬಳಕೆಗೆ ಬಂದವು. ಇವೆಲ್ಲವೂ ಇಂಗಾಲ, ಹೈಡ್ರೋಜನುಗಳಿಂದಾದ ಸಾವಯವ ಪದಾರ್ಥಗಳು.

ನಳಿಗೆಯ ಕೆಲಸವು ಹೀಗೆ: ಬೆಳಕು ಅದರ ಮುಖಕ್ಕೆ ಬಿದ್ದೊಡನೆ ಕೆಲವು ಇಲೆಕ್ಟ್ರಾನುಗಳು ಹೊರಬೀಳುವವು. ಒಂದು ಫಲಕಕ್ಕೆ ಬಡಿದ ಒಂದೊಂದು ಇಲೆಕ್ಟ್ರಾನೂ ಹಲವನ್ನು ಎಬ್ಬಿಸುವದು. ಅವು ಮುಂದಿನ ಫಲಕದಲ್ಲಿ ಮತ್ತೂ ಹಲವನ್ನು ಎಬ್ಬಿಸುವವು. ಹೀಗೆ ಹತ್ತು ಮೆಟ್ಟಲು ದಾಟುವಷ್ಟರಲ್ಲಿ ಒಂದು ಇಲೆಕ್ಟ್ರಾನು ಹತ್ತು ಲಕ್ಷದಷ್ಟಾಗಿ, ಅಳೆಯತಕ್ಕ ವಿದ್ಯುತ್ ಮಿಡಿತವಾಗುವದು.

4. ಗೋಲಿಯ ಆಟದ ನಿಯಮ

ನ್ಯೂಟ್ರಾನಿಗೆ ಸಾವಯವ ವಸ್ತುವೇ ತಕ್ಕದ್ದೇಕೆ? ಗೋಲಿ ಆಡುವ ಮಕ್ಕಳನ್ನು ನೋಡಿರಿ. ಒಂದು ಗೋಲಿ ತನ್ನಷ್ಟೇ ತೂಕದ ಇನ್ನೊಂದಕ್ಕೆ ನೇರವಾಗಿ ಬಡಿದರೆ, ತಾನು ನಿಂತು ತನ್ನ ವೇಗವನ್ನೆಲ್ಲಾ ಅದಕ್ಕೆ ಕೊಡುವದು. ದೊಡ್ಡ ಗುಂಡುಕಲ್ಲಿಗೆ ಬಡಿದರೆ ತಾನೇ ಹಿಂದಕ್ಕೆ ಪುಟಿಯುವದು. ಅದರಂತೆ ನ್ಯೂಟ್ರಾನು ಹೈಡ್ರೋಜನಿನ ಬೀಜವಾದ ಪ್ರೋಟಾನಿಗೆ ನೇರವಾಗಿ ಬಡಿದರೆ ತನ್ನ ಶಕ್ತಿಯನ್ನು ಬಹುಮಟ್ಟಿಗೆ ಪೂರ್ತಿಯಾಗಿ ಕೊಡಬಲ್ಲದು. ಇಂಗಾಲದ ಬೀಜಕ್ಕೆ ಹೆಚ್ಚೆಂದರೆ ನೂರಕ್ಕೆ 28 ಪಾಲು, ಸೀಸದ ಬೀಜಕ್ಕೆ ಸುಮಾರು 2 ಪಾಲು ಮಾತ್ರ. ನೂಕಲ್ಪಟ್ಟ ಪ್ರೋಟಾನಿಗೆ ವಿದ್ಯುದಂಶವಿರುವದರಿಂದ ಅದು ಹರಳನ್ನು ಬೆಳಗಿಸುವದು. ಗಾಮಾ ಕಿರಣವಾದರೋ ಅದೇ ಹರಳಿನಲ್ಲಿ ಹೆಚ್ಚಾಗಿ ಹಗುರವಾದ ಇಲೆಕ್ಟ್ರಾನನ್ನು ನೂಕುವದು; ಅದೂ ಬೆಳಕನ್ನು ಎಬ್ಬಿಸುವದು.

5. ಬೆಳಕಿನ ಬಾಲ

ಹಾಗಾದರೆ ಬಂದ ಮಿಂಚು ಯಾವುದರದೆಂದು ತಿಳಿಯುವದು ಹೇಗೆ? ಪೇಟೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಅದನ್ನು ಬೆರಳಿನಿಂದ ತಟ್ಟಿ ಕೇಳುತ್ತಾಳೆ. ಸದ್ದು ಎಷ್ಟು ಹೊತ್ತು ಎಳೆಯುತ್ತದೆಂಬದರಿಂದ ಗಟ್ಟಿ ಮಡಕೆಯನ್ನೂ ಒಡಕು ಮಡಕೆಯನ್ನೂ ಆರಿಸುತ್ತಾಳೆ. ಇಲ್ಲಿಯ ಉಪಾಯವೂ ಅಂಥದೇ.

ಕಣವು ತಗಲಿದಾಗ ಹರಳಿನ ಅಣುಗಳು ಎರಡು ಬಗೆಯಾಗಿ ಉದ್ರೇಕಗೊಳ್ಳುವವು. ಒಂದು ಬಗೆಯವು ಕೆಲವು ನ್ಯಾನೋಸೆಕೆಂಡುಗಳಲ್ಲಿ ಬೆಳಕನ್ನು ಕೊಟ್ಟು ಶಾಂತವಾಗುವವು. ಒಂದು ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಇನ್ನೊಂದು ಬಗೆಯವು ತಾವಾಗಿ ಬೆಳಗಲಾರವು. ತಮ್ಮಂತೆಯೇ ಕಾದಿರುವ ಜೊತೆಯ ಅಣುವೊಂದು ದೊರೆತಾಗ, ಎರಡರ ಶಕ್ತಿಯೂ ಕೂಡಿ ಒಂದು ಬೆಳಗುವದು. ಇದಕ್ಕೆ ನೂರಾರು ನ್ಯಾನೋಸೆಕೆಂಡುಗಳು ಹಿಡಿಯುವವು. ಇದೇ ಬೆಳಕಿನ ಬಾಲ.

ಹಗುರವಾದ ಇಲೆಕ್ಟ್ರಾನು ಬೇಗ ಓಡುತ್ತಾ ಅಲ್ಲಲ್ಲಿ ವಿರಳವಾಗಿ ಅಣುಗಳನ್ನು ಎಬ್ಬಿಸುವದು. ಭಾರವಾದ ಪ್ರೋಟಾನು ತನ್ನ ಶಕ್ತಿಯನ್ನು ಗಿಡ್ಡ ದಾರಿಯಲ್ಲಿ ಒತ್ತಾಗಿ ಸುರಿಯುವದು. ಅಂಥ ಒತ್ತಡದಲ್ಲಿ ಕೂಡಲೆ ಬರತಕ್ಕ ಬೆಳಕು ಬಹಳ ಮಟ್ಟಿಗೆ ನಂದಿಹೋಗಿ, ತಡವಾಗಿ ಬರುವ ಬೆಳಕಿನ ಪಾಲು ಹೆಚ್ಚುವದು. ಆದ್ದರಿಂದ ನ್ಯೂಟ್ರಾನಿನ ಮಿಡಿತಕ್ಕೆ ಬಾಲ ದಪ್ಪ. ಗಾಮಾ ಕಿರಣದ ಮಿಡಿತಕ್ಕೆ ಬಾಲ ಸಣ್ಣ. ಮಿಡಿತದ ಒಟ್ಟು ಬೆಳಕಿನಲ್ಲಿ ಬಾಲದ ಪಾಲೆಷ್ಟೆಂದು ಲೆಕ್ಕಿಸಿದರೆ ಎರಡೂ ಬೇರ್ಪಡುವವು. ಇಂಥ ಮಿಡಿತ ಪರೀಕ್ಷೆಯ ಅನುಕೂಲವಾದ ಕ್ರಮವೊಂದನ್ನು ಎಫ್. ಡಿ. ಬ್ರೂಕ್ಸ್ ಅವರು 1959ರಲ್ಲಿ ಪ್ರಕಟಿಸಿದರು. ಬಹುಕಾಲ ಹರಳುಗಳಿಗೂ ದ್ರವಗಳಿಗೂ ಮಾತ್ರ ಚೆನ್ನಾಗಿ ಒಪ್ಪುತ್ತಿದ್ದ ಈ ಉಪಾಯವು ಪ್ಲಾಸ್ಟಿಕ್ಕಿನಲ್ಲಿಯೂ ಫಲಿಸುವಂತೆ ಅಮೆರಿಕದ ಲಿವರ್‌ಮೋರ್ ಪ್ರಯೋಗಶಾಲೆಯ ನತಾಲಿಯಾ ಝೈತ್ಸೇವಾ ಅಮ್ಮನವರೂ ಅವರ ಸಂಗಡಿಗರೂ 2012ರಲ್ಲಿ ಮಾಡಿತೋರಿಸಿದರು.

ಈ ಕ್ರಮಕ್ಕೆ ಮಿತಿಯೂ ಉಂಟು. ಶಕ್ತಿ ಬಹಳ ಕಡಿಮೆಯಾದರೆ ಬೆಳಕೂ ಕಡಿಮೆ. ಆಗ ಎರಡು ಬಾಲಗಳ ಭೇದವು ಮಸುಕಾಗುವದು. ಮಂದಗತಿಯ ನ್ಯೂಟ್ರಾನಿಗೆ ಪ್ರೋಟಾನನ್ನು ನೂಕುವ ಬಲವೇ ಇಲ್ಲ. ಅದನ್ನು ಹಿಡಿಯಲು ಬೋರಾನು ಅಥವಾ ಲಿಥಿಯಮ್ಮನ್ನು ಬೆರಸುತ್ತಾರೆ.

6. ನಮ್ಮ ನಾಡಿನ ನೆಲದೊಳಗೆ

ಮಿನುಗುವ ಪ್ಲಾಸ್ಟಿಕ್ಕು ನಮ್ಮ ನಾಡಿಗೂ ಕೀರ್ತಿಯನ್ನು ತಂದಿದೆ. ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರು ಆಳದಲ್ಲಿ, ಅಂಥ ಫಲಕಗಳನ್ನು ನಿಲ್ಲಿಸಿ ಮುಂಬಯಿಯ ಟಾಟಾ ಸಂಸ್ಥೆಯವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ಪಟ್ಟಣಗಳ ವಿದ್ವಾಂಸರೂ ಕೂಡಿ ಕಾದರು. ಮೇಲಿನ ಬಂಡೆಯು ಆಕಾಶದಿಂದ ಬರುವ ಇತರ ಕಣಗಳನ್ನು ಬಹುತೇಕ ತಡೆಯುತ್ತಿತ್ತು. 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಅವರು ಅಲ್ಲಿ ಕಂಡರು. ಗಣಿಯು 2001ರಲ್ಲಿ ಮುಚ್ಚಿತು. ಅಲ್ಲಿ ದೊರೆತ ಜ್ಞಾನವು ಅಳಿಯಲಿಲ್ಲ.

ತಾಯಿತಂದೆಗಳೇ, ವಿಜ್ಞಾನವು ಹೆಣ್ಣುಮಕ್ಕಳಿಗೆ ಕಠಿಣವೆಂದು ಹೇಳಿ ಅವರನ್ನು ಹಿಂದೆಗೆಯಬೇಡಿರಿ. ಹೋಲುವ ವಸ್ತುಗಳಲ್ಲಿ ಭೇದವನ್ನು ತಾಳ್ಮೆಯಿಂದ ಕಾಣುವ ಬುದ್ಧಿಯೇ ಇಲ್ಲಿ ಬೇಕಾದದ್ದು. ಆ ಅಭ್ಯಾಸವು ಮನೆಯಲ್ಲಿಯೇ ಆರಂಭವಾಗಬಲ್ಲದು.

ಅಭ್ಯಾಸಕ್ಕೆ ಪ್ರಶ್ನೆಗಳು

(1) ನ್ಯೂಟ್ರಾನಿಗೆ ಸೀಸದ ಗೋಡೆಗಿಂತ ನೀರಿನ ತೊಟ್ಟಿ ಏಕೆ ಮೇಲು?
(2) ಸಮಾನ ತೂಕದ ಎರಡು ಗೋಲಿಗಳನ್ನೂ ಒಂದು ಗುಂಡುಕಲ್ಲನ್ನೂ ತೆಗೆದುಕೊಂಡು, ನೆಲದ ಮೇಲೆ ಉರುಳಿಸಿ ನೋಡಿ, ಕಂಡದ್ದನ್ನು ಬರೆಯಿರಿ.
(3) ಮಿಡಿತದ ಎತ್ತರವೊಂದರಿಂದಲೇ ನ್ಯೂಟ್ರಾನನ್ನು ಗುರುತಿಸಲಾಗದು, ಕಾರಣವೇನು?