ಸಬ್ರ್ ಎಂದರೆ ಬಾಯಿ ಮುಚ್ಚಿ ಕೂರುವುದಲ್ಲ



ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಮಳೆಗಾಲದ ಆರಂಭ ಕಷ್ಟದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ ಬಂದರನ್ನು ನಂಬಿದವರಿಗೆ, ಕಾಪುವಿನ ಮೀನು ವ್ಯಾಪಾರಿಗಳಿಗೆ ಸಂಪಾದನೆ ನಿಲ್ಲುವುದು ಆಗಲೇ. ಶಾಲೆ-ಕಾಲೇಜಿನ ಫೀಸು, ಸಮವಸ್ತ್ರ, ಬಸ್ ಪಾಸಿನ ಖರ್ಚು ಎದುರಾಗುವುದೂ ಆಗಲೇ. ಕಾರ್ಕಳದ ಕಡೆಯ ಕೆಲವು ಮನೆಗಳಲ್ಲಿ ಯಜಮಾನ ಗಲ್ಫಿನಲ್ಲಿರುತ್ತಾನೆ. ಸಂಬಳ ಒಂದು ತಿಂಗಳು ತಡವಾದರೆ ಇಲ್ಲಿ ಇಡೀ ಮನೆಗೆ ನಿದ್ದೆಯಿಲ್ಲ.

ಇಂಥ ಮನೆಯಲ್ಲಿ ಮೊದಲು ಕೇಳಿಬರುವ ಮಾತು, “ಸಬ್ರ್ ಮಾಡು.” ಮಾತು ಒಳ್ಳೆಯದೇ. ಆದರೆ ಅನೇಕ ಸಲ ನಾವು ಅದನ್ನು “ಅಳಬೇಡ, ಯಾರಿಗೂ ಹೇಳಬೇಡ, ಸುಮ್ಮನಿರು” ಎಂಬ ಅರ್ಥದಲ್ಲಿ ಬಳಸುತ್ತೇವೆ. ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೊನೆಯ ಬೆಂಚಿಗೆ ಹೋಗಿ ಕುಳಿತರೆ, ಕಾರಣ ಹೆಚ್ಚಾಗಿ ಪಾಠದಲ್ಲಿರುವುದಿಲ್ಲ, ಮನೆಯ ಆ ಮೌನದಲ್ಲಿರುತ್ತದೆ. ಇದನ್ನು ಶಿಕ್ಷಕರೆಲ್ಲ ಬಲ್ಲರು.

ಯಅಕೂಬ್(ಅ)ರ ಮೂರು ಕೆಲಸಗಳು

ಪವಿತ್ರ ಕುರ್‌ಆನಿನ 12ನೇ ಅಧ್ಯಾಯವಾದ ಸೂರಃ ಯೂಸುಫ್‌ನಲ್ಲಿ ಪ್ರವಾದಿ ಯಅಕೂಬ್(ಅ)ರು ಮಗನನ್ನು ಕಳೆದುಕೊಂಡ ವೃತ್ತಾಂತವಿದೆ. ಸುಂದರವಾದ ಸಹನೆಯ ಬಗ್ಗೆ ಹೇಳಿದವರು ಅವರೇ. ದುಃಖದಿಂದ ಕಣ್ಣು ಬೆಳ್ಳಗಾದದ್ದೂ ಅವರಿಗೇ. ಅಂದರೆ ಸಹನೆ ಮತ್ತು ಕಣ್ಣೀರು ಒಂದೇ ಹೃದಯದಲ್ಲಿ ಇರಬಹುದು. ಅವರು ಮೂರು ಕೆಲಸ ಮಾಡಿದರು. ದುಃಖವನ್ನು ಬಚ್ಚಿಡಲಿಲ್ಲ. ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಆಮೇಲೆ, ಅಲ್ಲಾಹನ ಕರುಣೆಯಲ್ಲಿ ನಿರಾಶರಾಗಬೇಡಿ, ಹೋಗಿ ಯೂಸುಫ್‌ನನ್ನೂ ಅವನ ಸಹೋದರನನ್ನೂ ಹುಡುಕಿ ಎಂದು ಮಕ್ಕಳನ್ನು ಕಳುಹಿಸಿದರು.

ದುಃಖವನ್ನು ಒಪ್ಪಿಕೊಳ್ಳುವುದು, ದುಆ ಮಾಡುವುದು, ದಾರಿ ಹುಡುಕುವುದು: ಇವು ಮೂರೂ ಸೇರಿದರೆ ಸಬ್ರ್. ನಮ್ಮ ಪ್ರವಾದಿ ಮುಹಮ್ಮದ್(ಸ)ರೂ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಸುರಿಸಿದರು. ಅಳುವ ಗಂಡುಮಗನನ್ನು ಗದರಿಸುವ ಮುಂಚೆ ಇದನ್ನು ನೆನೆಯೋಣ.

ಮನಸ್ಸಿಗೂ ಒಂದು ಮದ್ದಿನ ಪೆಟ್ಟಿಗೆ

ಮನಸ್ಸಿನ ಆರೋಗ್ಯದ ವಿಚಾರ ನಮಗೆ ಹೊರಗಿನಿಂದ ಬಂದದ್ದಲ್ಲ. ಅಬೂ ಝೈದ್ ಅಲ್ ಬಲ್ಖಿ (ಕ್ರಿ.ಶ. 850–934) ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಕುರಿತು ಒಂದೇ ಗ್ರಂಥ ಬರೆದರು. ಕಾರಣ ತಿಳಿದ ದುಃಖ ಬೇರೆ, ಕಾರಣ ಕಾಣದ ದುಃಖ ಬೇರೆ, ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದರು. ಹಠಾತ್ ಕಾಯಿಲೆಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವ ಹಾಗೆ, ನೆಮ್ಮದಿಯ ದಿನಗಳಲ್ಲೇ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ನಮ್ಮ ಮನೆಗಳ ಮದ್ದಿನ ಪೆಟ್ಟಿಗೆಯಲ್ಲಿ ಈ ನಾಲ್ಕನ್ನು ಇಡಬಹುದು:

1. ಐದು ಹೊತ್ತಿನ ನಮಾಝ್. ಕೆಲಸವಿಲ್ಲದೆ ಕೂತವನಿಗೆ, ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ ದಿನವೆಲ್ಲ ಒಂದೇ ಸಮನೆ ಕಾಣುತ್ತದೆ. ನಮಾಝ್ ದಿನಕ್ಕೆ ಕ್ರಮ ಕೊಡುತ್ತದೆ, ಹಾಸಿಗೆಯಿಂದ ಎಬ್ಬಿಸುತ್ತದೆ, ನಾಲ್ಕು ಜನರ ಮುಖ ನೋಡಿಸುತ್ತದೆ.

2. ಮಗ್ರಿಬ್ ನಂತರ ಹತ್ತು ನಿಮಿಷ. ಮೊಬೈಲ್ ದೂರವಿಟ್ಟು ಎಲ್ಲರೂ ಒಟ್ಟಿಗೆ ಕೂರಿ. ಒಬ್ಬೊಬ್ಬರೂ ಆ ದಿನದ ಒಂದು ಕಷ್ಟ, ಒಂದು ಸಂತೋಷ ಹೇಳಲಿ. ಉಳಿದವರು ಕೇಳಲಿ, ಬುದ್ಧಿವಾದ ಬೇಡ, ನೆರೆಮನೆಯ ಮಕ್ಕಳ ಅಂಕದ ಮಾತು ಬೇಡ. ಗಲ್ಫಿನಲ್ಲಿರುವ ತಂದೆಗೆ ಫೋನ್ ಮಾಡಿದಾಗಲೂ ಹಣದ ಮಾತಿಗೆ ಮುಂಚೆ “ಊಟ ಆಯ್ತಾ?” ಎಂದು ಕೇಳಿ.

3. ಸಾಲದ ಲೆಕ್ಕ ಬರೆಯುವುದು. ಸಾಲವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರಃದಲ್ಲಿ (2:282) ಆದೇಶವಿದೆ. ತಲೆಯೊಳಗೆ ಸುತ್ತುವ ಸಾಲ ಬೆಟ್ಟದಂತೆ ಕಾಣುತ್ತದೆ. ಕಾಗದದ ಮೇಲೆ ಬರೆದರೆ ಅದೊಂದು ಲೆಕ್ಕ. ಗಂಡ-ಹೆಂಡತಿ ಕೂತು ದಾರಿ ಯೋಚಿಸಬಹುದು.

4. ಇಶಾ ನಂತರ ನಿದ್ದೆ. ಇಶಾ ಆದ ಮೇಲಿನ ಹರಟೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ನಡುರಾತ್ರಿಯವರೆಗೆ ಮೊಬೈಲ್ ನೋಡಿದರೆ ಮನಸ್ಸಿಗೆ ವಿಶ್ರಾಂತಿ ಎಲ್ಲಿಂದ?

ವೈದ್ಯರ ಬಳಿ ಹೋಗುವುದು ಈಮಾನಿನ ಕೊರತೆಯಲ್ಲ

ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿ(ಸ)ರ ಉಪದೇಶ ನಮಗೆಲ್ಲ ಗೊತ್ತು. ಚಿಕಿತ್ಸೆ ಪಡೆಯುವುದೂ ಒಂಟೆಯನ್ನು ಕಟ್ಟುವ ಕೆಲಸವೇ. ದುಆ, ಕುರ್‌ಆನ್ ಪಾರಾಯಣ ಖಂಡಿತ ಇರಲಿ. ಆದರೆ ಅದರ ಹೆಸರಿನಲ್ಲಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ, ಇಲ್ಲದ ದನಿ ಕೇಳಿಸಿದರೆ ವೈದ್ಯರನ್ನು ಕಾಣಿ. “ಬದುಕಿ ಪ್ರಯೋಜನವಿಲ್ಲ” ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ದೂರ ಹೋಗಲಾಗದವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಹೇಳಿ.

ಪೊಲೀಸ್ ಕೇಸಿನ ಭಯದಿಂದ ಕೆಲವರು ವಿಷಯ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಕೊಡಬೇಕು. ಆದ್ದರಿಂದ ಹೆದರಿ ತಡಮಾಡಬೇಡಿ.

ದಾನಿಗಳಲ್ಲಿ ಒಂದು ಅರಿಕೆ

ನೋಯಿಸುವ ದಾನಕ್ಕಿಂತ ಒಳ್ಳೆಯ ಮಾತು ಮೇಲು ಎಂಬುದು ಕುರ್‌ಆನಿನ ಪಾಠ (2:263). ನಿಮ್ಮ ಹಣದಿಂದ ಮಗುವಿನ ಫೀಸು ಕಟ್ಟಿದಂತಾಯಿತು. “ಹೇಗಿದ್ದೀ ಮಗಾ?” ಎಂಬ ಒಂದು ಮಾತಿನಿಂದ ಅದರ ಮನಸ್ಸು ಗಟ್ಟಿಯಾಗುತ್ತದೆ. ಅಂಕ ಕೇಳುವ ಮುಂಚೆ ಕ್ಷೇಮ ಕೇಳಿ. ಮಕ್ಕಳೇ, ನೀವೂ ಅಷ್ಟೆ. ಅಂಕ ಕುಸಿದರೆ ದಾನಿಗಳಿಗೆ ಮುಖ ತೋರಿಸುವುದು ಹೇಗೆಂದು ಒಳಗೊಳಗೇ ಕೊರಗಬೇಡಿ. ಬಂದು ಕಾರಣ ಹೇಳಿ. ಕಾರಣ ತಿಳಿದರೆ ದಾರಿ ಹುಡುಕಬಹುದು.

ಮನೆಯಲ್ಲಿ ಮಾತಾಡಲು ಮೂರು ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಯಾರ ಮಾತು ಇತ್ತೀಚೆಗೆ ಕಡಿಮೆಯಾಗಿದೆ?

2. ಯಅಕೂಬ್(ಅ)ರ ಮೂರು ಕೆಲಸಗಳಲ್ಲಿ ನಾವು ಯಾವುದನ್ನು ಬಿಟ್ಟಿದ್ದೇವೆ?

3. 14416 ಸಂಖ್ಯೆ ಮನೆಯ ಎಲ್ಲರ ಮೊಬೈಲ್‌ನಲ್ಲಿ ಇದೆಯೇ?

ಅಲ್ಲಾಹನು ನಮ್ಮೆಲ್ಲರ ಮನೆಗಳಿಗೆ ನೆಮ್ಮದಿ ಕರುಣಿಸಲಿ, ನಮ್ಮ ಮಕ್ಕಳ ಮನಸ್ಸನ್ನು ಕಾಪಾಡಲಿ. ಆಮೀನ್.