ಓದಲು ತಡವರಿಸುವ ಮಗುವಿಗೆ ಮನೆಯ ಫೋನಿನ ನೆರವು

ಮಾತಿನಲ್ಲಿ ಚುರುಕಾಗಿ, ಅಂಗಡಿಯ ಲೆಕ್ಕವನ್ನು ಬಾಯಲ್ಲೇ ಮುಗಿಸಬಲ್ಲ ಮಗುವೊಂದು, ಪುಸ್ತಕವನ್ನು ತೆರೆದೊಡನೆ 'ಪ'ಕಾರವನ್ನೂ ಹೊಟ್ಟೆ ಸೀಳಿದ 'ಷ'ಕಾರವನ್ನೂ ಒಂದೆಂದೇ ಬಗೆದು, ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುವುದಾದರೆ, ಅದನ್ನು ಸೋಮಾರಿತನವೆಂದು ಗದರುವುದಕ್ಕೆ ಮುನ್ನ ತಾಯ್ತಂದೆಯರೂ ಶಿಕ್ಷಕರೂ ಮಾಡಬಹುದಾದ ಕಾರ್ಯಗಳು ಕೆಲವುಂಟು. ಅವುಗಳಲ್ಲಿ ಬಹುಪಾಲಿಗೆ ಮನೆಯಲ್ಲಿ ಈಗಾಗಲೇ ಇರುವ ಆಂಡ್ರಾಯ್ಡ್ ಫೋನೊಂದೇ ಸಾಕು.

ಮೊದಲು ತೊಡಕು ಯಾವುದೆಂಬುದನ್ನು ಅರಿಯತಕ್ಕದ್ದು. ಇಂದಿಗೂ ಜನರು ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಾಗಲಿ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಕಣ್ಣು, ಕಿವಿಗಳ ಪರೀಕ್ಷೆಯಾಗಲಿ. ಆಮೇಲೆ ಮನೆಮಾತಿನ ವಿಚಾರ. ಬಳ್ಳಾರಿ ನಗರದಲ್ಲಿಯೂ ಆಂಧ್ರದ ಗಡಿಗೆ ಹೊಂದಿಕೊಂಡ ಸಿರುಗುಪ್ಪದಲ್ಲಿಯೂ ತೆಲುಗನ್ನೋ ಉರ್ದುವನ್ನೋ ಆಡುವ ಮನೆಗಳಿಂದ ಕನ್ನಡ ಶಾಲೆಗೆ ಬರುವ ಮಕ್ಕಳು ಅನೇಕರು. ಕನ್ನಡವನ್ನೇ ಹೊಸದಾಗಿ ಕೇಳುತ್ತಿರುವ ಮಗುವನ್ನು ನ್ಯೂನತೆಯುಳ್ಳದ್ದೆಂದು ಹೇಳುವುದು ಅನ್ಯಾಯ, ನಿಜವಾದ ತೊಡಕಿರುವ ಮಗುವನ್ನು 'ಭಾಷೆ ಬಂದರೆ ಸರಿಹೋಗುತ್ತದೆ' ಎಂದು ವರ್ಷಗಟ್ಟಲೆ ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಚೆನ್ನಾಗಿ ಬಲ್ಲ ಮಾತನ್ನೂ ಅಕ್ಷರದಲ್ಲಿ ಗುರುತಿಸಲಾರದೆ ಹೋದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು (ಬಿ.ಐ.ಇ.ಆರ್.ಟಿ.) ವಿಚಾರಿಸಿರಿ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವು ರೂಪಿಸಿದ 'ಡಾಲಿ' ಎಂಬ ಡಿಸ್ಲೆಕ್ಸಿಯಾ (ಓದಿನ ತೊಡಕು) ಪರೀಕ್ಷೆ ಕನ್ನಡದಲ್ಲಿಯೂ ಇದೆ ಎಂಬುದನ್ನು ಅವರಿಗೆ ನೆನಪಿಸುವುದರಲ್ಲಿ ತಪ್ಪಿಲ್ಲ.

ಇನ್ನು ಫೋನು. ಸೆಟ್ಟಿಂಗ್ಸ್‌ನಲ್ಲಿ 'ಟೆಕ್ಸ್ಟ್ ಟು ಸ್ಪೀಚ್' ಎಂದು ಹುಡುಕಿ, ಗೂಗಲ್‌ನ ಧ್ವನಿಗಳಲ್ಲಿ ಕನ್ನಡವನ್ನು ಇಳಿಸಿಕೊಳ್ಳಿರಿ. ಒಮ್ಮೆ ಇಳಿಸಿಕೊಂಡರೆ ಕುರುಗೋಡಿನ ಸುತ್ತಣ ಹಳ್ಳಿಗಳಲ್ಲಿ ಸಿಗ್ನಲ್ ಕೈಕೊಟ್ಟಾಗಲೂ ದನಿ ನಿಲ್ಲದು. ಓದುವ ವೇಗವನ್ನು ತಗ್ಗಿಸಿರಿ. ಅನಂತರ ಆಕ್ಸೆಸಿಬಿಲಿಟಿ ವಿಭಾಗದಲ್ಲಿ 'ಸೆಲೆಕ್ಟ್ ಟು ಸ್ಪೀಕ್' ಸೌಲಭ್ಯವನ್ನು ಚಾಲೂ ಮಾಡಿದರೆ, ಪರದೆಯ ಮೇಲೆ ಮುಟ್ಟಿ ಆಯ್ದ ಭಾಗವನ್ನು ಫೋನು ಗಟ್ಟಿಯಾಗಿ ಓದುವುದಲ್ಲದೆ, ಉಚ್ಚರಿಸುತ್ತಿರುವ ಪದವನ್ನು ಬಣ್ಣದಿಂದ ಎತ್ತಿ ತೋರಿಸುತ್ತದೆ. ಈ ಬಣ್ಣವೇ ಮುಖ್ಯ. ಕುರುಗೋಡಿನ ಮಗುವಿಗೆ ಊರ ದೇವರ 'ದೊಡ್ಡಬಸವೇಶ್ವರ' ಎಂಬ ಹೆಸರು ಕಿವಿಗೆ ಚಿರಪರಿಚಿತ. ಅದೇ ಹೆಸರಿನ 'ಡ್ಡ', 'ಶ್ವ'ಗಳು ಕಣ್ಣಿಗೆ ಅಪರಿಚಿತ. ದನಿ ಬಂದ ಗಳಿಗೆಯಲ್ಲೇ ಅಕ್ಷರದ ಮೇಲೆ ಬೆರಳಿಡುವಂತೆ ಮಾಡಿ, ಎರಡನೆಯ ಬಾರಿ ಯಂತ್ರದ ಜೊತೆಜೊತೆಗೆ, ಮೂರನೆಯ ಬಾರಿ ಯಂತ್ರವಿಲ್ಲದೆ ಓದಿಸಿರಿ. ಬರಿಯ ದನಿ ಕೇಳಿಸಿ ಬಿಟ್ಟರೆ ಪಾಠ ತಲುಪೀತು, ಓದು ಬಾರದು.

ಇಲ್ಲಿ ಅನೇಕರು ಎಡವುವ ತಾಣವೊಂದಿದೆ. ಪಾಠದ ಪಿಡಿಎಫ್ ಕಡತವನ್ನು ತೆರೆದು ಆಲಿಸಿದರೆ ಅರ್ಥವಿಲ್ಲದ ಸದ್ದು ಹೊರಡುವುದುಂಟು. ಫೋನು ಕೆಟ್ಟಿಲ್ಲ; ಯೂನಿಕೋಡ್ ಅಲ್ಲದ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಸಿದ್ಧವಾದ ಕಡತವದು, ನಮ್ಮ ಕಣ್ಣಿಗೆ ಮುದ್ದಾದ ಕನ್ನಡವಾಗಿದ್ದರೂ ಯಂತ್ರಕ್ಕೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಆಗ ಮುದ್ರಿತ ಪುಟದ ಚಿತ್ರವನ್ನು ಹಗಲ ಬೆಳಕಿನಲ್ಲಿ, ಮಡಿಕೆ ಬೀಳದಂತೆ ತೆಗೆದು, ಗೂಗಲ್ ಲೆನ್ಸ್‌ನಲ್ಲಿ ಪಠ್ಯವನ್ನು ಆಯ್ದು, ನಕಲಿಸಿ, ನೋಟ್ಸ್ ಆ್ಯಪ್‌ನಲ್ಲಿ ಅಂಟಿಸಿರಿ. ಒತ್ತಕ್ಷರ ತಪ್ಪಿದ್ದರೆ ಹಿರಿಯರೊಬ್ಬರು ತಿದ್ದಿದ ಮೇಲೆಯೇ ಮಗುವಿನ ಕೈಗೆ ಕೊಡತಕ್ಕದ್ದು. ಶಿಕ್ಷಕರು ಅಭ್ಯಾಸದ ಹಾಳೆಗಳನ್ನು ಮೊದಲೇ ಯೂನಿಕೋಡ್‌ನಲ್ಲಿ ಬೆರಳಚ್ಚಿಸಿದರೆ ಈ ಶ್ರಮವೆಲ್ಲ ಉಳಿಯುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲಿಯೂ ಆ ಅನುಕೂಲವಿದೆ. ಓದಲು ಹೊಸ ಸಾಮಗ್ರಿ ಬೇಕೆಂದರೆ, ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಟ್ಟಕ್ಕೆ ತಕ್ಕ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ.

ಬರೆವಣಿಗೆಗೆ ಗೂಗಲ್ ಕೀಲಿಮಣೆಯಾದ ಜಿಬೋರ್ಡ್‌ನ ಮೈಕನ್ನು ಒತ್ತಿ, ಭತ್ತದ ನಾಟಿಯನ್ನೋ ತುಂಗಭದ್ರೆಯ ಪ್ರವಾಹವನ್ನೋ ಕುರಿತು ಮಗು ಎರಡು ವಾಕ್ಯ ಹೇಳಲಿ. ಹೇಳಿದ್ದು ಅಕ್ಷರವಾಗಿ ಮೂಡಿದಾಗ ಅದನ್ನೇ ಓದಿಸಿರಿ. 'ಹೊಂಟೀನಿ' ಎಂದರೆ ಯಂತ್ರವು ಇನ್ನೇನನ್ನೋ ಬರೆದೀತು; ತಿದ್ದಬೇಕಾದುದು ಯಂತ್ರದ ಬರಹವನ್ನು, ಮಗುವಿನ ಮಾತನ್ನಲ್ಲ.

ದೃಷ್ಟಿದೋಷವುಳ್ಳ ಮಕ್ಕಳಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿವೆ: ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿಗೆ ಎನ್‌ವಿಡಿಎ. ಎರಡಕ್ಕೂ ಹಣ ತೆರಬೇಕಿಲ್ಲ. ಎನ್‌ವಿಡಿಎಯ ಕನ್ನಡ ದನಿ ಮೊದಮೊದಲು ಕರ್ಕಶವೆನಿಸಿದರೂ ಕಿವಿ ಬೇಗ ಒಗ್ಗುತ್ತದೆ.

ಕಾಗದಪತ್ರದ ಕೆಲಸವನ್ನು ಕೊನೆಗೆ ಬಿಡಬೇಡಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ತನ್ನ 21 ವಿಧಗಳಲ್ಲಿ ಸೇರಿಸಿಕೊಂಡಿದೆ. ವೈದ್ಯಕೀಯ ಪ್ರಮಾಣಪತ್ರ ಮತ್ತು ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ) ಕಾರ್ಡುಗಳಿಗೆ ಅರ್ಜಿ ಹಾಕಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನೂ ಹೆಚ್ಚುವರಿ ಸಮಯವನ್ನೂ ಕೋರುವುದಾದರೆ ಒಂಬತ್ತನೆಯ ತರಗತಿಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರಿಗೆ ಪತ್ರಗಳ ನಕಲನ್ನು ಒಪ್ಪಿಸಿ, ಸ್ವೀಕೃತಿಯ ಸಹಿ ಪಡೆದು ಇಟ್ಟುಕೊಳ್ಳಿರಿ.